ಪಕ್ಕದಲ್ಲಿ ಕೂತ ಮಾತ್ರಕ್ಕೆ

'ಕಿವುಡನ ಮುಂದೆ ಶಂಖ ಊದಿದ ಹಾಗೆ' ಎಂಬ ಗಾದೆಯನ್ನು ನಾವೆಲ್ಲ ಬಳಸುತ್ತೇವೆ. ಹೇಳಿದ ಮಾತನ್ನು ಕಿವಿಗೆ ಹಾಕಿಕೊಳ್ಳದ ಗಂಡನ ಬಗ್ಗೆ, ಬೆಳೆದ ಮಕ್ಕಳ ಬಗ್ಗೆ, ಅರ್ಜಿ ಕೊಟ್ಟೂ ಕೊಟ್ಟೂ ಸಾಕಾದ ಕಚೇರಿಗಳ ಬಗ್ಗೆ. ನಮ್ಮ ಶಿಕ್ಷಕರ ಕೊಠಡಿಯಲ್ಲಂತೂ ಪರೀಕ್ಷೆಯ ಉತ್ತರ ಪತ್ರಿಕೆಗಳು ಮೇಜಿಗೆ ಬಂದ ದಿನ ಈ ಗಾದೆ ನಾಲ್ಕು ಸಲವಾದರೂ ಕೇಳಿಸುತ್ತದೆ. ಗಾದೆ ವೇದಕ್ಕೆ ಸಮಾನ ಎನ್ನುತ್ತಾರೆ, ಇರಲಿ. ಆದರೆ ಇದನ್ನು ಸ್ವಲ್ಪ ನಿಂತು ಯೋಚಿಸಿದರೆ ನನಗೊಂದು ಪ್ರಶ್ನೆ ಏಳುತ್ತದೆ. ಎದುರಿಗಿರುವವನಿಗೆ ಕಿವಿ ಕೇಳಿಸುವುದಿಲ್ಲ ಎಂದು ಗೊತ್ತಿದ್ದೂ ಶಂಖ ಊದಿದವನು ಯಾರು? ಅವನನ್ನು ಯಾರೂ ಏನೂ ಅನ್ನುವುದಿಲ್ಲವಲ್ಲ, ಏಕೆ? ಉಸಿರು ಕಟ್ಟಿ ಊದುವ ಬದಲು ಭುಜ ಮುಟ್ಟಿ ಕರೆಯಬಹುದಿತ್ತು, ಕೈ ಆಡಿಸಬಹುದಿತ್ತು. ಅದಾವುದನ್ನೂ ಮಾಡದೆ ಊದಿ, ಆಮೇಲೆ 'ಇವನಿಗೆ ಊದಿ ಪ್ರಯೋಜನವಿಲ್ಲ' ಎಂದು ಕೈ ಕೊಡವಿಕೊಂಡವನ ಪರವಾಗಿಯೇ ಗಾದೆ ನಿಂತುಬಿಟ್ಟಿದೆ.

ನಮ್ಮ ಸರ್ಕಾರಿ ಶಾಲೆಗಳಲ್ಲಿ ಕಿವಿ ಕೇಳಿಸದ ಮಕ್ಕಳ ಓದು ನಡೆಯುವ ರೀತಿಯನ್ನು ಕಂಡಾಗಲೆಲ್ಲ ನನಗೆ ಈ ಶಂಖ ಊದಿದವನ ನೆನಪಾಗುತ್ತದೆ.

ಕಣ್ಣು ಕಾಣದವರ ಬಗ್ಗೆ ನಮ್ಮ ಸಮಾಜಕ್ಕೆ ಒಂದು ಬಗೆಯ ಗೌರವವಾದರೂ ಇದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರ ಗವಾಯಿಗಳು, ಪುಟ್ಟರಾಜ ಗವಾಯಿಗಳು ಎಂದರೆ ಕೈ ಮುಗಿಯದ ಕನ್ನಡಿಗರಿಲ್ಲ. ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಅವರು ಸಂಗೀತದ ದಾರಿ ತೋರಿಸಿದರು. ಕಿವುಡರ ಪಾಲಿಗೆ ಅಂಥದ್ದು ಒದಗಲಿಲ್ಲ. ನಾಟಕಗಳಲ್ಲಿ, ಸಿನಿಮಾಗಳಲ್ಲಿ ಕಿವುಡ ಬಂದನೆಂದರೆ ನಗುವುದಕ್ಕೇ ಎಂದು ಅರ್ಥ. ಒಂದು ಕೇಳಿದರೆ ಇನ್ನೊಂದು ಹೇಳುವ ಕಿವುಡ ಮುದುಕನ ಕಥೆಗೆ ನಾವೆಲ್ಲ ಹೊಟ್ಟೆ ಹಿಡಿದು ನಕ್ಕಿದ್ದೇವೆ. ಕುರುಡುತನ ಕಣ್ಣಿಗೆ ಕಾಣುತ್ತದೆ, ಕೈಯಲ್ಲಿ ಕೋಲಿರುತ್ತದೆ, ರಸ್ತೆ ದಾಟಿಸುವವರು ಸಿಗುತ್ತಾರೆ. ಕಿವುಡುತನ ಕಾಣುವುದಿಲ್ಲ. ಕಾಣದ ಕಷ್ಟಕ್ಕೆ ಮರುಗುವವರು ಕಡಿಮೆ.

ಹೆಸರಿನಲ್ಲೇ ತಪ್ಪು ಶುರುವಾಗುತ್ತದೆ. 'ಕಿವುಡ-ಮೂಗ' ಎಂದು ಎರಡನ್ನೂ ಜೋಡಿಸಿ ಒಂದೇ ಪದ ಮಾಡಿಕೊಂಡಿದ್ದೇವೆ. ಆದರೆ ಹೆಚ್ಚಿನ ಕಿವುಡ ಮಕ್ಕಳಿಗೆ ಗಂಟಲಿನಲ್ಲಾಗಲಿ ನಾಲಿಗೆಯಲ್ಲಾಗಲಿ ಯಾವ ದೋಷವೂ ಇರುವುದಿಲ್ಲ. ಕೂಸು ಕೇಳಿ ಕೇಳಿಯೇ ಮಾತು ಕಲಿಯುತ್ತದೆ. ಕೇಳಿಸದ ಕೂಸಿಗೆ ಅನುಕರಿಸಲು ಏನೂ ಸಿಗುವುದಿಲ್ಲ, ಅಷ್ಟೇ. 2011ರ ಜನಗಣತಿಯಲ್ಲಿ ದೇಶದ ಸುಮಾರು 50 ಲಕ್ಷ ಜನರಿಗೆ ಶ್ರವಣದೋಷವಿದೆ ಎಂದು ದಾಖಲಾಗಿತ್ತು. ಕರ್ನಾಟಕದಲ್ಲೇ ಅವರ ಸಂಖ್ಯೆ ಎರಡು ಲಕ್ಷಕ್ಕೂ ಹೆಚ್ಚು. ಇಂಥ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಹುಟ್ಟುವುದು ಕಿವಿ ಕೇಳುವ ತಂದೆ ತಾಯಿಯರ ಮಡಿಲಲ್ಲಿ. ಎಂದರೆ, ಮಗುವಿನ ಸ್ಥಿತಿ ಏನೆಂದು ಮನೆಯವರಿಗೆ ಅನುಭವದಿಂದ ಗೊತ್ತಿರುವುದಿಲ್ಲ. 'ಅವರಪ್ಪನಿಗೂ ಮಾತು ತಡವಾಗಿಯೇ ಬಂತು' ಎಂದು ಅಜ್ಜಿ ಹೇಳುತ್ತಾರೆ, ಹರಕೆ ಹೊರುತ್ತಾರೆ. ಹೀಗೆ ಕಾಯುತ್ತಾ ಕೂರುವ ಎರಡು ಮೂರು ವರ್ಷಗಳೇ ಮಗುವಿನ ಮಿದುಳು ಭಾಷೆಗಾಗಿ ಬಾಯಿ ತೆರೆದು ಕಾದಿರುವ ವರ್ಷಗಳು. ಮತ್ತೆ ಬರುವಂಥವಲ್ಲ.

ಎಲ್ಲ ಕಿವುಡುತನವೂ ಒಂದೇ ಅಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದನ್ನು ಎರಡು ಭಾಗ ಮಾಡಿದೆ. ಎರಡೂ ಕಿವಿಗಳಲ್ಲಿ 70 ಡೆಸಿಬಲ್ ನಷ್ಟವಿದ್ದರೆ ಕಿವುಡರು, 60ರಿಂದ 70 ಡೆಸಿಬಲ್ ಆದರೆ ಮಂದಶ್ರವಣದವರು. ಎದುರು ಬದುರು ಕೂತು ನಾವಾಡುವ ಸಾಮಾನ್ಯ ಮಾತಿನ ಸದ್ದು ಸುಮಾರು 60 ಡೆಸಿಬಲ್. ಹಾಗಾದರೆ ಮಂದಶ್ರವಣದ ಮಗುವಿಗೆ ನಮ್ಮ ಮಾತು ಗೋಡೆಯಾಚೆಗಿನ ಪಿಸುಮಾತಿನಂತೆ. ಇದಕ್ಕಿಂತ ಕಡಿಮೆ ನಷ್ಟವಿರುವ ಮಕ್ಕಳೂ ಇದ್ದಾರೆ, ಅವರು ಯಾವ ಪಟ್ಟಿಯಲ್ಲೂ ಬರುವುದಿಲ್ಲ. ಕಿವಿ ಸೋರಿ ಸೋರಿ ತಮಟೆಯಲ್ಲಿ ತೂತಾದವರು, ಸೋರುವ ಕಿವಿಗೆ ಮನೆಯಲ್ಲಿ ಬಿಸಿ ಎಣ್ಣೆ ಬಿಡಿಸಿಕೊಂಡವರು. ಕರೆದಾಗ ಒಮ್ಮೆ ತಿರುಗುತ್ತಾರೆ, ಒಮ್ಮೆ ತಿರುಗುವುದಿಲ್ಲ. ಅವರಿಗೆ ಶಾಲೆಯಲ್ಲಿ ಸಿಗುವ ಬಿರುದು 'ಮೊಂಡ'. ಸಮಯಕ್ಕೆ ಸರಿಯಾಗಿ ಕಿವಿಯ ಡಾಕ್ಟರಿಗೆ ತೋರಿಸಿದ್ದರೆ ಅವರಲ್ಲಿ ಎಷ್ಟೋ ಮಂದಿಗೆ ಆ ಬಿರುದು ಸಿಗುತ್ತಲೇ ಇರಲಿಲ್ಲ.

ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವಳು. ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಗೆ ಒಬ್ಬಳು ಹುಡುಗಿ ಬಂದಳು. ವರ್ಗಾವಣೆ ಪತ್ರದ ಜೊತೆ ಅಂಗವಿಕಲತೆಯ ಪ್ರಮಾಣಪತ್ರವೂ ಇತ್ತು, ಅದರಲ್ಲಿ ತೀವ್ರ ಶ್ರವಣದೋಷ ಎಂದು ಬರೆದಿತ್ತು. ಮೊದಲ ಕಿರುಪರೀಕ್ಷೆಗೆ ಮುಂಚೆ ಎಲ್ಲರ ನೋಟ್ ಪುಸ್ತಕ ನೋಡಿದಾಗ ಇಡೀ ತರಗತಿಯಲ್ಲಿ ಇವಳದೇ ಅಂದವಾದ ಪುಸ್ತಕ. ಮುತ್ತು ಪೋಣಿಸಿದಂಥ ಅಕ್ಷರ, ಒಂದು ಕಾಟಿಲ್ಲ, ಬೋರ್ಡಿನ ಮೇಲಿದ್ದ ಒಂದು ಚುಕ್ಕೆಯೂ ಬಿಟ್ಟು ಹೋಗಿಲ್ಲ. ಹಿಂದಿನ ಶಾಲೆಯ ಪುಸ್ತಕಗಳನ್ನೂ ತರಿಸಿ ನೋಡಿದೆ. ಪುಟ ಪುಟಕ್ಕೂ ಕೆಂಪು ಶಾಯಿಯ ರೈಟು, 'ಗುಡ್', 'ವೆರಿ ಗುಡ್'. ನಾನು ಒಂದು ಹಾಳೆಯಲ್ಲಿ 'ನಿನ್ನ ತಮ್ಮನ ಹೆಸರೇನು?' ಎಂದು ಬರೆದು ಅವಳ ಮುಂದಿಟ್ಟೆ. ಅವಳು ನಗುತ್ತಾ ಪೆನ್ನು ತೆಗೆದುಕೊಂಡು ಅದರ ಕೆಳಗೆ ಅದೇ ಮುದ್ದಾದ ಅಕ್ಷರದಲ್ಲಿ 'ನಿನ್ನ ತಮ್ಮನ ಹೆಸರೇನು?' ಎಂದು ಬರೆದು ಹಾಳೆಯನ್ನು ನನಗೆ ಕೊಟ್ಟಳು.

ಏಳು ವರ್ಷ ಅವಳು ಶಾಲೆಗೆ ಬಂದಿದ್ದಳು. ಹಾಜರಿಯಲ್ಲಿ ಗೈರೇ ಇಲ್ಲ. ಬಿಸಿಯೂಟ ಉಂಡಿದ್ದಳು, ಸಮವಸ್ತ್ರ ತೊಟ್ಟಿದ್ದಳು, ಪ್ರಾರ್ಥನೆಯ ಸಾಲಿನಲ್ಲಿ ನಿಂತು ತುಟಿ ಆಡಿಸಿದ್ದಳು. ಹೆಣ್ಣುಮಕ್ಕಳ ವಿಶೇಷ ಪ್ರೋತ್ಸಾಹ ಧನವೆಂದು ತಿಂಗಳಿಗೆ 200 ರೂಪಾಯಿಯೂ ಬಂದಿತ್ತು. ಲೆಕ್ಕದ ಪುಸ್ತಕ ತೆಗೆದು ನೋಡಿದರೆ ಯಾರೂ ಬೆರಳು ತೋರಿಸುವಂತಿಲ್ಲ. ಅವಳ ಬಗ್ಗೆ ಕೇಳಿದರೆ ಎಲ್ಲರೂ 'ತುಂಬಾ ಒಳ್ಳೆ ಹುಡುಗಿ, ಗಲಾಟೆಯೇ ಇಲ್ಲ' ಎನ್ನುತ್ತಿದ್ದರು. ಗಲಾಟೆ ಮಾಡುವ ಮಗುವಿಗೆ ಬೈಗುಳವಾದರೂ ಸಿಗುತ್ತದೆ, ಅದೂ ಒಂದು ಗಮನವೇ. ಸುಮ್ಮನಿರುವ ಹೆಣ್ಣುಮಗುವನ್ನು ಮಾತ್ರ ಜಾಣೆ ಎಂದು ಕರೆದು ನಾವು ಮುಂದಿನ ಬೆಂಚಿಗೆ ಹೋಗಿಬಿಡುತ್ತೇವೆ.

ಕಿವಿಯ ಮಿಷನ್ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು, ಬ್ಯಾಗಿನಲ್ಲಿ. ತಾಲ್ಲೂಕಿನ ತಪಾಸಣಾ ಶಿಬಿರದಲ್ಲಿ ಕೊಟ್ಟದ್ದು. ಕನ್ನಡಕ ಹಾಕಿದ ಕೂಡಲೇ ಅಕ್ಷರ ನಿಚ್ಚಳವಾಗುವ ಹಾಗೆ ಮಿಷನ್ ಹಾಕಿದ ಕೂಡಲೇ ಮಾತು ನಿಚ್ಚಳವಾಗುತ್ತದೆ ಎಂದು ನಾವು ತಿಳಿಯುತ್ತೇವೆ. ಹಾಗಲ್ಲ. ಅದು ಸದ್ದನ್ನು ದೊಡ್ಡದು ಮಾಡುತ್ತದೆ, ಮೇಡಂ ಮಾತು ಯಾವುದು, ಫ್ಯಾನಿನ ಗರಗರ ಯಾವುದು, ಬೆಂಚು ಎಳೆದ ಕರ್ಕಶ ಯಾವುದು ಎಂದು ಪೂರ್ತಿ ಬೇರ್ಪಡಿಸಿ ಕೊಡುವುದಿಲ್ಲ. ನಲವತ್ತೆಂಟು ಮಕ್ಕಳ ಕೊಠಡಿಯಲ್ಲಿ ಎಲ್ಲವೂ ಒಟ್ಟಿಗೆ ಕಿವಿಗೆ ನುಗ್ಗಿದರೆ ಆ ಮಗುವಿಗೆ ತಲೆನೋವು. ಮಗು ಬೆಳೆದಂತೆ ಕಿವಿಯ ಅಚ್ಚು ಬದಲಾಗಬೇಕು, ಬ್ಯಾಟರಿ ಮುಗಿದರೆ ಹೊಸದು ತರಬೇಕು, ಮಿಷನ್ ಹಾಕಿದ ಮೇಲೆ ಕೇಳುವುದನ್ನು ಕಲಿಸುವ ತರಬೇತಿಯೂ ಬೇಕು. ಇವೆಲ್ಲ ಇದ್ದರೆ, ಅದೂ ಬಲು ಚಿಕ್ಕಂದಿನಲ್ಲೇ ಆದರೆ, ಮಿಷನ್ನಿನಿಂದ, ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಯಿಂದ ಬಹಳ ಮಕ್ಕಳಿಗೆ ಒಳ್ಳೆಯದಾಗಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಮಕ್ಕಳನ್ನು ಎತ್ತಿಕೊಂಡು ಬರುವ ತಾಯಂದಿರನ್ನು ನೋಡಿದರೆ ಅದು ತಿಳಿಯುತ್ತದೆ. ಅಲ್ಲಿ ತಾಯಂದಿರೂ ಮಕ್ಕಳ ಜೊತೆ ಕೂತು ಕಲಿಯುತ್ತಾರೆ. ನಮ್ಮ ಹುಡುಗಿಗೆ ಅದಾವುದೂ ಒದಗಿರಲಿಲ್ಲ. ಮೇಲಾಗಿ, ಮಿಷನ್ ಕಂಡರೆ ನಾಳೆ ಗಂಡು ಸಿಗುವುದು ಕಷ್ಟವೆಂದು ಮನೆಯಲ್ಲಿ ಜಡೆ ಮುಂದಕ್ಕೆಳೆದು ಮುಚ್ಚುತ್ತಿದ್ದರಂತೆ.

'ತುಟಿ ನೋಡಿ ತಿಳಿದುಕೊಳ್ಳುತ್ತಾಳೆ ಬಿಡಿ' ಎನ್ನುವವರಿಗೆ ನಾನು ಒಂದು ಸಣ್ಣ ಪರೀಕ್ಷೆ ಹೇಳುತ್ತೇನೆ. ಕನ್ನಡಿಯ ಮುಂದೆ ನಿಂತು ದನಿ ಹೊರಡಿಸದೆ 'ಮಾವ' ಎನ್ನಿ, ಆಮೇಲೆ 'ಭಾವ' ಎನ್ನಿ. ತುಟಿಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ. ಕ, ಗ ಅಕ್ಷರಗಳು ಗಂಟಲ ಹತ್ತಿರ ಹುಟ್ಟುವುದರಿಂದ ಹೊರಗೆ ಕಾಣುವುದೇ ಇಲ್ಲ. ಇನ್ನು 'ಮರಕ್ಕೆ', 'ಮರದಲ್ಲಿ', 'ಮರದಿಂದ' ಎಂದು ನಮ್ಮ ಭಾಷೆಯ ಜೀವವೆಲ್ಲ ಪದದ ಬಾಲದಲ್ಲಿರುತ್ತದೆ, ಮಾತಾಡುವಾಗ ಆ ಬಾಲವನ್ನೇ ನಾವು ನುಂಗುತ್ತೇವೆ. ಭಾಷೆ ಮೊದಲೇ ಗೊತ್ತಿದ್ದವನು ತುಟಿ ನೋಡಿ ಬಿಟ್ಟ ಜಾಗ ತುಂಬಿಕೊಳ್ಳಬಹುದು. ಭಾಷೆಯೇ ಇಲ್ಲದವಳು ಏನನ್ನು ತುಂಬಿಕೊಳ್ಳಬೇಕು? ಅದೂ ಪಾಠ ಮಾಡುವವರು ಅರ್ಧ ಹೊತ್ತು ಬೋರ್ಡಿನ ಕಡೆ ಮುಖ ಮಾಡಿರುವಾಗ.

ಇನ್ನು ನಮ್ಮ ದಯೆಯ ವಿಚಾರ. ಕೇಳಿಸದ ಮಕ್ಕಳಿಗೆ ಪರೀಕ್ಷೆಯಲ್ಲಿ ಹೆಚ್ಚು ಸಮಯವಿದೆ, ಭಾಷಾ ವಿಷಯಗಳಲ್ಲಿ ರಿಯಾಯಿತಿಯಿದೆ. ಹತ್ತನೆಯ ತರಗತಿಯ ಹೊಸ್ತಿಲು ದಾಟಲು ಅದು ಆಸರೆಯೇ, ಅದನ್ನು ಕಿತ್ತುಕೊಳ್ಳಬೇಕು ಎಂದು ನಾನು ಹೇಳುವುದಿಲ್ಲ. ಆದರೆ ಯಾವ ಮಗುವಿಗೆ ಭಾಷೆಯೇ ಇಲ್ಲವೋ ಅದಕ್ಕೆ ಭಾಷೆಯಿಂದಲೇ ವಿನಾಯಿತಿ ಕೊಟ್ಟು ಕೈ ತೊಳೆದುಕೊಳ್ಳುವುದು, ಹಸಿದವನಿಗೆ ಊಟಕ್ಕೆ ಕೂರುವ ತೊಂದರೆ ತಪ್ಪಿಸಿದಂತೆ. 'ಪಾಪ, ಪಾಸು ಮಾಡಿಬಿಡಿ' ಎಂಬ ಮಾತಿನಲ್ಲಿ ಕರುಣೆ ಇರುವುದು ನಿಜ. ಆದರೆ ಆ ಕರುಣೆ ಆಡಿದವರ ಮನಸ್ಸನ್ನು ಹಗುರ ಮಾಡುತ್ತದೆಯೇ ಹೊರತು ಆ ಮಗುವಿನ ಕೈಗೆ ಏನನ್ನೂ ಕೊಡುವುದಿಲ್ಲ. ದಯೆಗೂ ನ್ಯಾಯಕ್ಕೂ ಇರುವ ದೂರ ನನಗೆ ಸ್ಪಷ್ಟವಾಗಿ ಕಂಡದ್ದು ಆ ಹುಡುಗಿಯ ಪುಸ್ತಕದ 'ವೆರಿ ಗುಡ್' ಎಂಬ ಕೆಂಪು ಅಕ್ಷರಗಳಲ್ಲಿ.

ನಮ್ಮ ಶಾಲೆಯ ಹಿರಿಯ ಶಿಕ್ಷಕರೊಬ್ಬರು ಕೇಳಿದರು: "ಅಲ್ಲ ಮೇಡಂ, ಒಬ್ಬಳಿಗೋಸ್ಕರ ನಿಧಾನವಾಗಿ ಹೋದರೆ ಉಳಿದ ನಲವತ್ತೇಳು ಮಕ್ಕಳಿಗೆ ಅನ್ಯಾಯ ಆಗಲ್ವೇ? ಅವರದೂ ಎಸ್ಸೆಸ್ಸೆಲ್ಸಿ ಅಲ್ವೇ?" ಅವರು ಕೆಟ್ಟವರಲ್ಲ, ಪ್ರಶ್ನೆಯೂ ಕೆಟ್ಟದ್ದಲ್ಲ. ಇದಕ್ಕೆ ಸಾಮಾನ್ಯವಾಗಿ ಕೊಡುವ ಉತ್ತರವೆಂದರೆ, ಕಿವುಡ ಮಗುವಿಗಾಗಿ ಮಾಡುವುದೆಲ್ಲ ಎಲ್ಲ ಮಕ್ಕಳಿಗೂ ಒಳ್ಳೆಯದು ಎಂಬುದು. ಬಹುಮಟ್ಟಿಗೆ ಅದು ನಿಜ. ಮಕ್ಕಳ ಕಡೆ ಮುಖ ಮಾಡಿ ಮಾತಾಡಿದರೆ, ಮುಖ್ಯ ಪದಗಳನ್ನು ಬರೆದು ತೋರಿಸಿದರೆ, ಚಿತ್ರ, ನಕ್ಷೆ ಬಳಸಿದರೆ, ಒಬ್ಬರಾದ ಮೇಲೆ ಒಬ್ಬರು ಮಾತಾಡುವ ಶಿಸ್ತು ತಂದರೆ ಹಿಂದಿನ ಬೆಂಚಿನ ದಡ್ಡನಿಗೂ ಲಾಭ. ಆದರೆ ನಾನು ಅಲ್ಲಿಗೇ ನಿಲ್ಲಲಾರೆ. ಕೆಲವು ಸಲ ನಿಜವಾಗಿಯೂ ಹೊತ್ತು ಹಿಡಿಯುತ್ತದೆ, ನಿಜವಾಗಿಯೂ ಪಾಠ ಹಿಂದೆ ಬೀಳುತ್ತದೆ. ಆಗಲೂ ಅದನ್ನು ಮಾಡಬೇಕೇ? ಮಾಡಬೇಕು ಎಂದೇ ನನ್ನ ಅಭಿಪ್ರಾಯ. ಎಲ್ಲರಿಗೂ ಲಾಭವಿದ್ದಾಗ ಮಾತ್ರ ಮಾಡುವುದಾದರೆ ಅದು ವ್ಯಾಪಾರ. ಮನೆಯಲ್ಲಿ ಒಂದು ಮಗುವಿಗೆ ಜ್ವರ ಬಂದರೆ ತಾಯಿ ಉಳಿದ ಮಕ್ಕಳ ಲೆಕ್ಕ ಹಾಕಿ ರಾತ್ರಿಯನ್ನು ಸಮನಾಗಿ ಹಂಚುತ್ತಾಳೆಯೇ? ನಲವತ್ತೇಳು ಮಕ್ಕಳಿಗೆ ಪಾಠ ಸ್ವಲ್ಪ ತಡವಾಗುತ್ತದೆ. ಆ ಒಬ್ಬಳಿಗೆ ಪಾಠ ತಲುಪುವುದೇ ಇಲ್ಲ. ತಡವಾಗುವುದನ್ನೂ ತಲುಪದಿರುವುದನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಆದರೂ ಒಬ್ಬಳು ಸಮಾಜ ವಿಜ್ಞಾನದ ಟೀಚರು ಎಷ್ಟೇ ನಿಧಾನವಾಗಿ ಪಾಠ ಮಾಡಿದರೂ ಭಾಷೆಯಿಲ್ಲದ ಮಗುವಿಗೆ ಭಾಷೆ ಬಂದುಬಿಡುವುದಿಲ್ಲ. ಬಿ.ಆರ್.ಸಿ.ಯಿಂದ ವಿಶೇಷ ಸಂಪನ್ಮೂಲ ಶಿಕ್ಷಕರು ಬರುತ್ತಾರೆ, ಶ್ರದ್ಧೆಯವರೇ. ಆದರೆ ಇಡೀ ತಾಲ್ಲೂಕಿಗೆ ಬೆರಳೆಣಿಕೆಯ ಮಂದಿ. ಕಣ್ಣಿನ ತೊಂದರೆಯ ಮಕ್ಕಳು, ಬುದ್ಧಿ ಬೆಳವಣಿಗೆ ಕುಂಠಿತವಾದ ಮಕ್ಕಳು, ಶಾಲೆಗೇ ಬರಲಾಗದೆ ಮನೆಯಲ್ಲಿ ಮಲಗಿರುವ ಮಕ್ಕಳು, ಎಲ್ಲರೂ ಅವರ ಪಾಲಿಗೇ. ಕೆಲವು ವಾರಗಳಿಗೊಮ್ಮೆ ಒಂದು ಗಂಟೆ ಸಿಕ್ಕಿದರೆ ಪುಣ್ಯ. ಆಗ ಅವಳ ತಾಯಿ ಒಂದು ದಿನ ಶಾಲೆಗೆ ಬಂದರು. ಯಾರೋ ವಸತಿಯಿರುವ ಕಿವುಡ ಮಕ್ಕಳ ಶಾಲೆಯ ವಿಷಯ ಹೇಳಿದ್ದರು. ಊರಿನಿಂದ ಬಸ್ಸಿನಲ್ಲಿ ನಾಲ್ಕು ಗಂಟೆಯ ದಾರಿ. "ಅಲ್ಲಿಗೆ ಸೇರಿಸಿದ್ರೆ ಕೈಮಾತು ಕಲೀತಾಳೆ, ಆಮೇಲೆ ಬಾಯಿಮಾತು ಬರೋದೇ ಇಲ್ಲ ಅಂತಾರೆ ನಮ್ಮತ್ತೆ. ಹೆಣ್ಣುಮಗು, ಏನಾದ್ರೂ ಆದ್ರೆ ಬಾಯಿಬಿಟ್ಟು ಹೇಳಕ್ಕೂ ಬರಲ್ಲ. ಇಲ್ಲೇ ಇದ್ರೆ ಕಣ್ಣ ಮುಂದೆ ಇರ್ತಾಳೆ. ನೀವೇ ಹೇಳಿ ಮೇಡಂ, ಏನು ಮಾಡ್ಲಿ?" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಅಲ್ಲಿನ ಮಾತು ಕಲಿತ ಮೇಲೆ ನಮ್ಮವಳಾಗಿ ಉಳೀತಾಳಾ?" ಎಂದು ಕೇಳಿದರು. ಸೋದರಮಾವನನ್ನೇ ಮದುವೆಯಾಗಿದ್ದ ಆಕೆಯನ್ನು, ಆ ಮದುವೆ ಮಾಡಿಸಿದ ಹಿರಿಯರೇ 'ನಿನ್ನ ಹೊಟ್ಟೆಯ ದೋಷ' ಎಂದು ಆಡಿಕೊಳ್ಳುತ್ತಿದ್ದರು. ಈಗ ಮಗಳನ್ನು ದೂರ ಕಳಿಸಿದ ತಪ್ಪೂ ಆಕೆಯ ತಲೆಗೇ ಬರುವುದಿತ್ತು.

ಬಾಯಿಮಾತೋ ಕೈಮಾತೋ ಎಂಬ ಈ ಜಗಳ ಅತ್ತೆ ಸೊಸೆಯರು ಹುಟ್ಟುಹಾಕಿದ್ದಲ್ಲ. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಕಿವುಡರ ಶಿಕ್ಷಣದ ಬಗ್ಗೆ ಒಂದು ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಕೂತು ತೀರ್ಮಾನ ಮಾಡಿದವರು ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳುವವರೇ. ಕಿವುಡ ಮಕ್ಕಳಿಗೆ ಬಾಯಿಮಾತನ್ನೇ ಕಲಿಸಬೇಕು, ಕೈಸನ್ನೆ ಕೂಡದು ಎಂದು ಅವರು ಗೊತ್ತುವಳಿ ಮಾಡಿದರು. ಅದರ ಪ್ರಭಾವ ದೇಶದಿಂದ ದೇಶಕ್ಕೆ ಹಬ್ಬಿತು. ಸನ್ನೆ ಮಾಡಿದ ಮಕ್ಕಳ ಕೈ ಮೇಲೆ ಹೊಡೆದ, ಕೈಗಳನ್ನು ಹಿಂದಕ್ಕೆ ಕಟ್ಟಿಸಿ ಕೂರಿಸಿದ ನೆನಪುಗಳನ್ನು ಹಲವು ದೇಶಗಳ ಕಿವುಡರು ಹೇಳಿಕೊಂಡಿದ್ದಾರೆ. 2010ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಅದೇ ಸಮ್ಮೇಳನ ಸೇರಿದಾಗ ಮಿಲಾನಿನ ಗೊತ್ತುವಳಿಗಳನ್ನು ತಿರಸ್ಕರಿಸಿ ವಿಷಾದ ವ್ಯಕ್ತಪಡಿಸಿತು. ನಡುವೆ 130 ವರ್ಷ, ಎಷ್ಟು ತಲೆಮಾರಿನ ಮಕ್ಕಳು!

ಆ ಗೊತ್ತುವಳಿಗೆ ನಿಜವಾದ ಉತ್ತರ ಕೊಟ್ಟವರು ಮಧ್ಯ ಅಮೆರಿಕದ ನಿಕರಾಗುವಾ ಎಂಬ ಪುಟ್ಟ ದೇಶದ ಮಕ್ಕಳು. 1970ರ ದಶಕದ ಕೊನೆಯಲ್ಲಿ, 1980ರ ದಶಕದಲ್ಲಿ ಅಲ್ಲಿನ ರಾಜಧಾನಿಯಲ್ಲಿ ಕಿವುಡ ಮಕ್ಕಳನ್ನು ಮೊದಲ ಬಾರಿಗೆ ದೊಡ್ಡ ಸಂಖ್ಯೆಯಲ್ಲಿ ಶಾಲೆಗೆ ಸೇರಿಸಿದರು. ಅದುವರೆಗೆ ಒಬ್ಬೊಬ್ಬರೂ ತಂತಮ್ಮ ಮನೆಗಳಲ್ಲಿ ಒಂಟಿಯಾಗಿದ್ದವರು. ಶಿಕ್ಷಕರು ಹೇಳಿಕೊಟ್ಟದ್ದು ಸ್ಪ್ಯಾನಿಷ್ ಬಾಯಿಮಾತು, ಅದು ಹೆಚ್ಚು ಹತ್ತಲಿಲ್ಲ. ಆದರೆ ಆಟದ ಬಯಲಿನಲ್ಲಿ, ಶಾಲೆಯ ಬಸ್ಸಿನಲ್ಲಿ ಮಕ್ಕಳು ತಮ್ಮ ತಮ್ಮ ಮನೆಯ ಸನ್ನೆಗಳನ್ನು ಕೂಡಿಸಿ ಹೊಸತೊಂದನ್ನು ಕಟ್ಟತೊಡಗಿದರು. ಆಮೇಲೆ ಬಂದ ಚಿಕ್ಕ ಮಕ್ಕಳು ಅದನ್ನು ಇನ್ನೂ ತಿದ್ದಿ ತೀಡಿ ವ್ಯಾಕರಣವುಳ್ಳ ಭಾಷೆಯನ್ನಾಗಿಯೇ ಮಾಡಿದರು. ಯಾರೂ ಕಲಿಸಲಿಲ್ಲ. ಬೇಕಾದದ್ದು ಒಂದೇ, ಮಾತಾಡಲು ಇನ್ನೊಬ್ಬರು. ಇದನ್ನು ಓದಿದಾಗ ನನಗೆ ನಮ್ಮ ಹುಡುಗಿಯ ಬೆಂಚು ನೆನಪಾಯಿತು. ಅಕ್ಕಪಕ್ಕ ಗೆಳತಿಯರಿದ್ದರು, ತಿಂಡಿ ಹಂಚುತ್ತಿದ್ದರು, ಜಡೆ ಹಾಕುತ್ತಿದ್ದರು. ಮಾತಾಡಲು ಮಾತ್ರ ಒಬ್ಬರೂ ಇರಲಿಲ್ಲ.

ನಮ್ಮಲ್ಲಿ ಕಾನೂನು ಹಿಂದೆ ಬಿದ್ದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಬಾಗಿಲು ತೆರೆಯಿತು. 2016ರ ಕಾಯ್ದೆ ಇನ್ನೂ ಮುಂದೆ ಹೋಗಿ, ಕಿವುಡ ಮಕ್ಕಳಿಗೆ ಅವರಿಗೆ ಹೊಂದುವ ಭಾಷೆ ಮತ್ತು ಮಾಧ್ಯಮದಲ್ಲೇ ಶಿಕ್ಷಣ ಕೊಡಬೇಕು, ಸಂಜ್ಞಾ ಭಾಷೆ ಬಲ್ಲ ಶಿಕ್ಷಕರನ್ನು ನೇಮಿಸಬೇಕು ಎಂದಿತು. 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸಂಜ್ಞಾ ಭಾಷೆಯ ಸಂಶೋಧನೆ ಮತ್ತು ತರಬೇತಿಗೆಂದೇ ಕೇಂದ್ರ ಸ್ಥಾಪನೆಯಾಯಿತು. ಅದು ಸಿದ್ಧಪಡಿಸಿದ ನಿಘಂಟು 2021ರ ಹೊತ್ತಿಗೆ 10,000 ಪದಗಳಿಗೆ ಬೆಳೆಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಸಂಜ್ಞಾ ಭಾಷೆಯ ಪ್ರಸ್ತಾಪವಿದೆ. ಅದೇನು ಬರೀ ಕೈ ಆಡಿಸುವ ಅಭಿನಯವಲ್ಲ, ತನ್ನದೇ ವ್ಯಾಕರಣವಿರುವ ಭಾಷೆ. ನಮ್ಮ ಕನ್ನಡದ ಹಾಗೆ ಅದರಲ್ಲೂ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೇ ಬರುತ್ತದೆ, 'ಇಲ್ಲ' ಎಂಬುದೂ ಕೊನೆಗೇ ಬರುತ್ತದೆ. ಅದನ್ನು ಕಲಿತರೆ ಬಾಯಿಮಾತು ಕೆಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಒಂದು ಭಾಷೆ ಗಟ್ಟಿಯಾಗಿ ಬೇರೂರಿದ್ದರೆ ಎರಡನೆಯದಕ್ಕೆ, ಓದು ಬರಹಕ್ಕೆ, ಅದು ಮೆಟ್ಟಿಲಾಗುತ್ತದೆ.

ಅದೇ ಕಾಯ್ದೆಯಲ್ಲಿ ನನ್ನ ಮನಸ್ಸನ್ನು ಹಿಡಿದ ಮಾತು ಇನ್ನೊಂದಿದೆ. 6ರಿಂದ 18 ವರ್ಷದವರೆಗೆ ಇಂಥ ಮಗುವಿಗೆ ಹತ್ತಿರದ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ, ಮಗುವಿನ ಆಯ್ಕೆಯಂತೆ, ಉಚಿತ ಶಿಕ್ಷಣದ ಹಕ್ಕಿದೆ. ಮಗುವಿನ ಆಯ್ಕೆಯಂತೆ! ಎಷ್ಟು ಉದಾರವಾದ ಮಾತು! ಆದರೆ ಆಯ್ಕೆ ಮಾಡಲು ಪ್ರಶ್ನೆ ಅರ್ಥವಾಗಬೇಕು. ಇಲ್ಲಿ ಹೀಗೆ, ಅಲ್ಲಿ ಹಾಗೆ, ನಿನಗೆ ಯಾವುದು ಬೇಕು ಎಂದು ಅವಳನ್ನು ಕೇಳಲು ನಮಗೂ ಅವಳಿಗೂ ನಡುವೆ ಒಂದು ಭಾಷೆ ಬೇಕಲ್ಲ? ಮಗುವಿಗೆ ಭಾಷೆ ಕೊಡದೆ ಆಯ್ಕೆ ಕೊಟ್ಟೆವು ಎಂದರೆ ಅದು ಕಾಗದದ ಮೇಲಿನ ಆಯ್ಕೆ. ಮಿಕ್ಕೆಲ್ಲ ಹಕ್ಕುಗಳಿಗಿಂತ ಮೊದಲಿನ ಹಕ್ಕು ಭಾಷೆಯ ಹಕ್ಕು ಎಂದು ನಾನು ಹೇಳುವುದು ಇದಕ್ಕೇ.

ಹಾಗಾಗಿ ಆ ತಾಯಿಗೆ ನಾನು ಹೇಳಿದ್ದು ಇಷ್ಟು. "ಮನೆ ಹತ್ತಿರವೋ ದೂರವೋ ಅನ್ನೋದು ಎರಡನೇ ಮಾತಮ್ಮ. ಇವಳಿಗೆ ಇನ್ನೊಬ್ಬರ ಜೊತೆ ಪೂರ್ತಿ ಮಾತಾಡೋಕೆ ಎಲ್ಲಿ ಆಗುತ್ತೋ ಅಲ್ಲಿಗೆ ಕಳಿಸಿ. ಏನಾದ್ರೂ ಆದ್ರೆ ಹೇಳೋಕೆ ಬರಲ್ಲ ಅಂದ್ರಲ್ಲ, ಆ ಮಾತು ಬಂದ್ರೆ ತಾನೇ ಹೇಳೋಕೆ ಬರೋದು? ಆದ್ರೆ ಅವಳು ಕಲಿತದ್ದನ್ನ ನೀವೂ ಕಲೀಬೇಕು." ನಾವಿಬ್ಬರೂ ಹೋಗಿ ಆ ಶಾಲೆ, ಹಾಸ್ಟೆಲ್, ರಾತ್ರಿ ಕಾವಲಿಗೆ ಹೆಂಗಸರಿದ್ದಾರೆಯೇ ಎಂಬುದನ್ನೆಲ್ಲ ನೋಡಿಕೊಂಡು ಬಂದೆವು. ಒಂಬತ್ತನೆಯ ತರಗತಿಗೆ ಅವಳು ಅಲ್ಲಿಗೆ ಹೋದಳು. ಎಲ್ಲ ಸುಖಾಂತವಾಯಿತು ಎಂದು ಬರೆಯಲಾರೆ. ಹದಿನಾಲ್ಕನೆಯ ವಯಸ್ಸಿಗೆ ಸಿಗುವ ಮೊದಲ ಭಾಷೆ ನಾಲ್ಕನೆಯ ವಯಸ್ಸಿಗೆ ಸಿಕ್ಕಂತಾಗುವುದಿಲ್ಲ. ಎಸ್ಸೆಸ್ಸೆಲ್ಸಿ ಎರಡನೆಯ ಸಲಕ್ಕೆ ಪಾಸಾಯಿತು. ಆಮೇಲೆ ಪಿ.ಯು.ಸಿ.ಗೆ ಸಂಜ್ಞಾ ಭಾಷೆಯಲ್ಲಿ ಪಾಠ ಹೇಳುವ ಕಾಲೇಜು ಹತ್ತಿರದಲ್ಲೆಲ್ಲೂ ಸಿಗದೆ ಒದ್ದಾಡಿದರು. ಆದರೆ ಮೊದಲ ದಸರಾ ರಜಕ್ಕೆ ಬಂದಾಗ ಅವಳು ತಮ್ಮನ ಜೊತೆ ಜಗಳವಾಡಿದಳಂತೆ. ನಿಜವಾದ ಜಗಳ, ತಪ್ಪು ಯಾರದೆಂದು ಮೊದಲಿನಿಂದ ವಿವರಿಸಿ ಹೇಳುವ ಜಗಳ. ತಾಯಿ ಅದನ್ನು ನನಗೆ ಫೋನಿನಲ್ಲಿ ಹೇಳುವಾಗ ಮಗಳಿಗೆ ಬಹುಮಾನ ಬಂದಷ್ಟು ಸಂಭ್ರಮ. ತಮ್ಮ ಬೇಗ ಕೈಮಾತು ಕಲಿತ. ತಾಯಿ ಒಲೆಯ ಮುಂದೆ, ಹಿತ್ತಿಲಲ್ಲಿ ಬೇಕಾಗುವಷ್ಟು ಕಲಿತರು. ತಂದೆ ಕಲಿಯಲಿಲ್ಲ.

ಇಷ್ಟು ಹೇಳಿದ ಮೇಲೆ, ಕಿವುಡ ಮಕ್ಕಳನ್ನೆಲ್ಲ ದೂರದ ವಿಶೇಷ ಶಾಲೆಗೆ ಕಳಿಸಿಬಿಡಿ ಎಂಬುದು ನನ್ನ ವಾದವೆಂದು ತಿಳಿಯಬೇಡಿ. ಕಳಿಸಿಬಿಡುವುದು ನಮಗೆ ಬಹಳ ಸುಲಭ. ಒಬ್ಬ ಹುಡುಗ ನಮ್ಮಲ್ಲೇ ಹತ್ತನೆಯವರೆಗೆ ಓದಿದ. ಅವನಿಗೆ ಮಂದಶ್ರವಣ, ಮೂರನೆಯ ವರ್ಷಕ್ಕೇ ಮಿಷನ್ ಬಂದಿತ್ತು, ಮನೆಯವರು ದಿನವೂ ಮಾತಾಡಿಸಿ ಬೆಳೆಸಿದ್ದರು. ಮುಂದಿನ ಬೆಂಚು, ಎದುರಿಗೆ ನಿಂತು ಪಾಠ ಮಾಡುವ ಶಿಕ್ಷಕರು, ಅಷ್ಟೇ ಅವನಿಗೆ ಸಾಕಾಯಿತು. ಅವನನ್ನು ದೂರ ಕಳಿಸಿದ್ದರೆ ಅದೇ ಅನ್ಯಾಯವಾಗುತ್ತಿತ್ತು. ಒಂದೇ ಅಳತೆಯ ಅಂಗಿ ಎಲ್ಲರಿಗೂ ಹೊಲಿಸಲು ಬರುವುದಿಲ್ಲ.

ನನಗೆ ತೋಚುವುದು ಹೀಗೆ. ಒಂದು ತಾಲ್ಲೂಕಿನ ಕಿವುಡ ಮಕ್ಕಳನ್ನು ಊರಿಗೊಬ್ಬರಂತೆ ಇಪ್ಪತ್ತು ಶಾಲೆಗಳಲ್ಲಿ ಒಂಟಿಯಾಗಿ ಕೂರಿಸುವ ಬದಲು ಯಾವುದಾದರೂ ಒಂದು ಸಾಮಾನ್ಯ ಸರ್ಕಾರಿ ಶಾಲೆಯಲ್ಲಿ ಒಟ್ಟಿಗೆ ಸೇರಿಸಬಹುದು. ಅಲ್ಲಿಗೆ ಸಂಜ್ಞಾ ಭಾಷೆ ಬಲ್ಲ ಶಿಕ್ಷಕರನ್ನು, ಸಾಧ್ಯವಾದರೆ ಸ್ವತಃ ಕಿವುಡರಾದ ಒಬ್ಬರನ್ನು ನೇಮಿಸಬಹುದು. ಬಸ್ ಪಾಸ್ ಕೊಟ್ಟರೆ ಸಂಜೆಗೆ ಮಕ್ಕಳು ಮನೆ ಸೇರುತ್ತಾರೆ. ಉಳಿದ ಮಕ್ಕಳೂ ದಿನಕ್ಕೆರಡು ಸನ್ನೆ ಕಲಿತಾರು, ಮಕ್ಕಳಿಗೆ ಅದೇನು ದೊಡ್ಡ ವಿದ್ಯೆಯಲ್ಲ, ಟೀಚರ ಬೆನ್ನ ಹಿಂದೆ ಕೈಸನ್ನೆಯಲ್ಲೇ ಇಡೀ ಪೀರಿಯಡ್ ಮಾತಾಡುವವರು ಅವರು. ಇದಕ್ಕೆ ಹಣ ಬೇಕು ನಿಜ. ಹಣಕ್ಕಿಂತ ಮೊದಲು, ಹತ್ತಿರ ಕೂರಿಸುವುದೇ ಸೇರಿಸಿಕೊಳ್ಳುವುದು ಎಂಬ ತಿಳಿವಳಿಕೆಯನ್ನು ನಾವು ಬಿಡಬೇಕು. ಪಕ್ಕದಲ್ಲಿ ಕೂತ ಮಾತ್ರಕ್ಕೆ ಜೊತೆಯಾಗುವುದಿಲ್ಲ. ಇಪ್ಪತ್ತು ವರ್ಷ ಒಂದೇ ಸೂರಿನಡಿ ಇದ್ದೂ ಮಾತಿಲ್ಲದೆ ಬದುಕುವ ಸಂಸಾರಗಳನ್ನು ಕಂಡಿರುವ ನಮಗೆ, ಹೆಂಗಸರಿಗೆ, ಇದನ್ನು ಬೇರೆ ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಗೂ ಇದು ಯಾರು ಯಾರ ಕಡೆಗೆ ನಡೆಯಬೇಕು ಎಂಬ ಪ್ರಶ್ನೆ. ಕೇಳಿಸದ ಮಗು ನಮ್ಮ ಕಡೆಗೆ ನಡೆದು ಬರಲು ಹುಟ್ಟಿದಂದಿನಿಂದ ಹೆಣಗುತ್ತದೆ. ತುಟಿ ನೋಡುತ್ತದೆ, ಮುಖ ಓದುತ್ತದೆ, ಅರ್ಥವಾಗದಿದ್ದರೂ ನಾವು ನಕ್ಕಾಗ ತಾನೂ ನಗುತ್ತದೆ. ಕೇಳಿಸುವ ಕಿವಿ, ಆಡುವ ಬಾಯಿ, ಕಲಿಯಲು ಬೇಕಾದಷ್ಟು ಅನುಕೂಲ ಎಲ್ಲವೂ ಇರುವ ನಾವು ನಾಲ್ಕು ಹೆಜ್ಜೆ ಇಟ್ಟರೆ ಏನು ಕಳೆದುಕೊಳ್ಳುತ್ತೇವೆ? ಶಕ್ತಿ ಇದ್ದವರ ಮೇಲೆ ಹೊರೆ ಹೆಚ್ಚು ಬೀಳಬೇಕು ಎಂಬುದು ನಮ್ಮ ಅಡುಗೆಮನೆಯಿಂದ ಹೊಲದವರೆಗೆ ನಡೆದು ಬಂದ ಧರ್ಮ. ಶಾಲೆಯ ಬಾಗಿಲಲ್ಲಿ ಮಾತ್ರ ಅದನ್ನು ಮರೆಯುವುದು ಸರಿಯಲ್ಲ. ನಿಮ್ಮ ಬೀದಿಯಲ್ಲಿ, ನೆಂಟರಲ್ಲಿ, ಕರೆದರೆ ತಿರುಗದ ಒಂದು ಕೂಸಿದ್ದರೆ ಹರಕೆಯ ಜೊತೆಗೆ ಆಸ್ಪತ್ರೆಯ ದಾರಿಯನ್ನೂ ಹೇಳಿ. ಅದರ ತಾಯಿಯನ್ನು ದೂರಬೇಡಿ. ಶಾಲೆಗೆ ಹೋಗುವ ಮಗುವಾದರೆ ಅದರ ಪುಸ್ತಕದ ಅಂದ ನೋಡಿ ಮೆಚ್ಚಿ ಸುಮ್ಮನಾಗಬೇಡಿ, ಒಂದು ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ಕಾಯಿರಿ.